ಇದ್ದಿಲು ಸುಡುವವರ ಮಕ್ಕಳು

1927ರ ಭಾರತೀಯ ಅರಣ್ಯ ಕಾಯ್ದೆಯ 2ನೆಯ ಕಲಂ ‘ಅರಣ್ಯ ಉತ್ಪನ್ನ’ವನ್ನು ವಿವರಿಸುವಾಗ ಮರಮುಟ್ಟಿನ ಬೆನ್ನಿಗೇ ಇದ್ದಿಲನ್ನು ಹೆಸರಿಸುತ್ತದೆ. ಅದು ಕಾಡಿನಿಂದ ಬಂದಿರಲಿ, ಬಾರದಿರಲಿ, ಅರಣ್ಯ ಉತ್ಪನ್ನವೇ. 26ನೆಯ ಕಲಮಿನಂತೆ ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ಇದ್ದಿಲು ಸುಡುವುದು ಅಪರಾಧ. ಇದ್ದಿಲಿನ ಬಗೆಗೆ ಇಷ್ಟು ಎಚ್ಚರ ವಹಿಸಿದ ಕಾಯ್ದೆಗೆ ಅದನ್ನು ಸುಡುವವನು ಕಾಣುವುದು ಬಹುಮಟ್ಟಿಗೆ ಆರೋಪಿಯಾಗಿ ಮಾತ್ರ.

ಕಸುಬಾದರೋ ಬಹಳ ಹಳೆಯದು. ಸೌದೆಯನ್ನು ಒತ್ತಾಗಿ ಒಟ್ಟಿ, ಹುಲ್ಲು ಸೊಪ್ಪು ಹೊದಿಸಿ, ಮಣ್ಣು ಮೆತ್ತಿ, ಒಳಗೆ ಕಿಚ್ಚಿಡುತ್ತಾರೆ. ಸೌದೆ ಧಗಧಗನೆ ಉರಿಯಬಾರದು, ಗಾಳಿಯಿಲ್ಲದೆ ಬೇಯಬೇಕು. ಮೊದಲು ದಟ್ಟವಾದ ಬಿಳಿಹೊಗೆ. ಅದು ತೆಳುವಾಗಿ ನೀಲಿಗೆ ತಿರುಗಿದಾಗ ಗಾಳಿಕಿಂಡಿಗಳನ್ನು ಮುಚ್ಚುವ ಹೊತ್ತು. ಮಣ್ಣಿನ ಹೊದಿಕೆ ನಡುರಾತ್ರಿಯಲ್ಲಿ ಎಲ್ಲಾದರೂ ಬಿರಿದರೆ ಒಳಗಿನದೆಲ್ಲ ಬೂದಿ. ಎಲ್ಲವೂ ಸರಿಹೋದರೂ ಸೌದೆಯ ತೂಕದಲ್ಲಿ ಐದನೆಯ ಒಂದು ಪಾಲು ಇದ್ದಿಲು ದಕ್ಕಿದರೆ ಅದೇ ದೊಡ್ಡದು. ಹಗಲಿರುಳು ಕಾಯಬೇಕಾದ ಈ ಕೆಲಸಕ್ಕೆ ಒಬ್ಬನ ದುಡಿಮೆ ಸಾಲದು. ಸಂಸಾರವೇ ಭಟ್ಟಿಯ ಬಳಿ ಬೀಡುಬಿಡಬೇಕು.

ಮಹಾರಾಷ್ಟ್ರದ ರಾಯಗಡ, ಠಾಣೆ ಸೀಮೆಯ ಕಾತಕರಿಗಳನ್ನು ನೋಡಬಹುದು. ಖೈರದ ಮರದ ತಿರುಳನ್ನು ಕುದಿಸಿ ಕಾಚು ತೆಗೆಯುತ್ತಿದ್ದ ಜನ ಅವರು. ಹೆಸರು ಬಂದದ್ದೂ ಅದರಿಂದಲೇ. ಬ್ರಿಟಿಷರ ಅರಣ್ಯ ಕಟ್ಟಳೆಗಳಿಂದ ಮರ ಕೈತಪ್ಪಿದ ಮೇಲೆ ಅವರಲ್ಲಿ ಅನೇಕರು ಪರರ ಇದ್ದಿಲು ಭಟ್ಟಿ, ಇಟ್ಟಿಗೆ ಭಟ್ಟಿಗಳ ಕೂಲಿಗಳಾದರು. ಮಳೆಗಾಲ ಮುಗಿದೊಡನೆ ಮುಂಗಡ ಪಡೆದು ಹೊರಟ ಕುಟುಂಬ ಮರಳುವುದು ಮುಂದಿನ ಮಳೆಗೆ. ಶಾಲೆಯ ವರ್ಷದ ಬಹುಭಾಗ ಕಳೆಯುವುದೂ ಅಷ್ಟರಲ್ಲೇ. ಹಾಜರಿ ಪುಸ್ತಕದಲ್ಲಿ ಇದಕ್ಕೆ ‘ಗೈರುಹಾಜರಿ’ ಎಂದು ಹೆಸರು!

ಮುಂಗಡದ ಸಾಲಕ್ಕೆ ಕಟ್ಟುಬಿದ್ದು, ಬೇರೆಡೆ ಹೋಗುವ ಸ್ವಾತಂತ್ರ್ಯವಿಲ್ಲದೆ ದುಡಿಯುವುದನ್ನು 1976ರ ಕಾಯ್ದೆ ಜೀತವೆಂದೇ ಎಣಿಸುತ್ತದೆ. ಅಂಥ ಸಾಲವನ್ನು ತೀರಿಸುವ ಹೊಣೆಯೇ ಕಾರ್ಮಿಕನಿಗಿಲ್ಲ. ಇದರ ಜಾರಿಯ ಭಾರ ಜಿಲ್ಲಾಧಿಕಾರಿಯ ಮೇಲಿದೆ.

ಮಕ್ಕಳ ಮಾತಿಗೆ ಬಂದರೆ, 2009ರ ಶಿಕ್ಷಣ ಹಕ್ಕು ಕಾಯ್ದೆ ಸ್ಪಷ್ಟವಾಗಿದೆ. 6ರಿಂದ 14 ವರ್ಷದೊಳಗಿನ ಮಗು ವರ್ಷದ ನಡುವೆ ಬಂದರೂ ಪ್ರವೇಶ ನಿರಾಕರಿಸುವಂತಿಲ್ಲ. ಓದು ಹಿಂದುಳಿದಿದ್ದರೂ ವಯಸ್ಸಿಗೆ ತಕ್ಕ ತರಗತಿಯಲ್ಲಿಯೇ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕು. ಜನ್ಮ ದಾಖಲೆ ಇಲ್ಲವೆಂದಾಗಲಿ, ವರ್ಗಾವಣೆ ಪತ್ರ ತಡವಾಯಿತೆಂದಾಗಲಿ ಹಿಂದಕ್ಕೆ ಕಳುಹಿಸಲಾಗದು. ಊರು ಬಿಟ್ಟು ಬಂದ ಮಗು ರಾಜ್ಯದ ಗಡಿ ದಾಟಿ ಬಂದಿದ್ದರೂ ನಿಯಮ ಇದೇ. ಭಟ್ಟಿಯ ಹೊಗೆ ಯಾವ ಊರಿನ ಎಲ್ಲೆಯಲ್ಲಿ ಏಳುತ್ತಿದೆಯೋ ಆ ಊರಿನ ಸರಕಾರಿ ಶಾಲೆ ಕನ್ನಡದ್ದಾಗಿರಲಿ, ಮರಾಠಿಯದಾಗಿರಲಿ, ಆ ಮಗುವಿನ ಹೆಸರು ಬರೆದುಕೊಳ್ಳಲೇಬೇಕು.