ಬಿಡಿಎಸ್ ಆಯಿತು, ಇನ್ನು ಕೈ ಪಳಗಬೇಡವೇ?

ಕರಾವಳಿಯಲ್ಲಿ ಮದುವೆ ಸೀಸನ್ ಬಂತೆಂದರೆ ಟೈಲರ್, ಕ್ಯಾಟರಿಂಗ್‌ನವರು, ಮೆಹಂದಿ ಹಚ್ಚುವವರ ಜೊತೆಗೆ ಈಗ ಹಲ್ಲಿನ ಡಾಕ್ಟರಿಗೂ ಬಿಡುವಿಲ್ಲ. ಒಂದು ತಿಂಗಳ ರಜೆಯಲ್ಲಿ ಗಲ್ಫಿನಿಂದ ಬಂದ ಹುಡುಗನಿಗೆ ಹೆಣ್ಣು ನೋಡಿ ಆಗಬೇಕು, ನಿಕಾಹ್ ಆಗಬೇಕು, ಅದರ ನಡುವೆ ಹಲ್ಲೂ ಬೆಳ್ಳಗಾಗಬೇಕು. ಮದುಮಗಳ ಮನೆಯಲ್ಲೂ ಅದೇ ಅವಸರ. ಉಳ್ಳಾಲದಿಂದ ಉಪ್ಪಿನಂಗಡಿವರೆಗೆ ಕ್ಲಿನಿಕ್‌ಗಳ ಬೋರ್ಡಿನಲ್ಲಿ ‘ಸ್ಮೈಲ್ ಡಿಸೈನಿಂಗ್’, ‘ವಿನಿಯರ್’, ‘ವೈಟನಿಂಗ್’ ಎಂಬ ಮಾತುಗಳು ಈಗ ಮಾಮೂಲಿ. ಬೋರ್ಡ್ ನೋಡಿ ಒಳಗೆ ಹೋಗುವ ನಾವು ಕೇಳುವುದು ಒಂದೇ ಪ್ರಶ್ನೆ: ಎಷ್ಟಾಗುತ್ತದೆ? ಈ ಕೆಲಸ ಎಲ್ಲಿ ಕಲಿತಿರಿ, ಯಾರ ಕೈಕೆಳಗೆ ಕಲಿತಿರಿ ಎಂದು ಕೇಳುವವರು ಬಹಳ ಕಡಿಮೆ. ನಮ್ಮದೇ ಸಮುದಾಯದ ಯುವ ವೈದ್ಯರು ಅದನ್ನು ಕಲಿಯಲು ನಾವೇನು ಮಾಡಿದ್ದೇವೆ ಎಂದು ಕೇಳಿಕೊಂಡವರು ಇನ್ನೂ ಕಡಿಮೆ.

ಸ್ವಲ್ಪ ಲೆಕ್ಕ ನೋಡೋಣ. ಬಿಡಿಎಸ್ ಎಂದರೆ ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಆ 5 ವರ್ಷದಲ್ಲಿ ಹಲ್ಲು ಕೀಳುವುದು, ಹುಳುಕು ತೆಗೆದು ತುಂಬುವುದು, ಕ್ಲೀನಿಂಗ್, ಹಲ್ಲಿನ ಸೆಟ್ ಮಾಡುವುದು ಇವೆಲ್ಲ ಕಲಿಯಬೇಕು. ಸೌಂದರ್ಯ ಚಿಕಿತ್ಸೆಗೆ ಅಲ್ಲಿ ಸಿಗುವ ಜಾಗ ಸಣ್ಣದು. ಅದರ ಮೇಲೆ 3 ವರ್ಷದ ಎಂಡಿಎಸ್ ಉಂಟು. ಅದರಲ್ಲಿ 9 ವಿಭಾಗಗಳು. ಆದರೆ ‘ಕಾಸ್ಮೆಟಿಕ್ ಡೆಂಟಿಸ್ಟ್ರಿ’ ಎಂಬ ಹೆಸರಿನ ಪ್ರತ್ಯೇಕ ವಿಭಾಗ ಆ ಒಂಬತ್ತರಲ್ಲಿ ಇಲ್ಲ. ಕಾಂಪೊಸಿಟ್, ಬ್ಲೀಚಿಂಗ್‌ನಂಥ ಕೆಲಸವನ್ನು ಕನ್ಸರ್ವೇಟಿವ್ ವಿಭಾಗದವರು ಆಳವಾಗಿ ಕಲಿಯುತ್ತಾರೆ, ಕ್ಯಾಪ್ ಮತ್ತು ಬ್ರಿಡ್ಜ್ ಪ್ರಾಸ್ತೊಡಾಂಟಿಕ್ಸ್‌ನವರು, ವಸಡು ಪೆರಿಯೊದವರು, ಹಲ್ಲಿನ ಸಾಲು ಸರಿಪಡಿಸುವುದು ಆರ್ಥೊದವರು. ಒಂದು ನಗುವನ್ನು ಚಂದ ಮಾಡಲು ಈ ನಾಲ್ಕೂ ಕಡೆಯ ತಿಳಿವಳಿಕೆ ಬೇಕು.

ಎಂಡಿಎಸ್ ಸೀಟು ಎಲ್ಲರಿಗೂ ಸಿಗುವುದಿಲ್ಲ. ಸಿಕ್ಕರೂ ಫೀಸು ಕಟ್ಟುವ ಶಕ್ತಿ ಎಲ್ಲ ಮನೆಗಳಿಗೂ ಇಲ್ಲ. ಬಿಡಿಎಸ್ ಮುಗಿಸಿದ ಹುಡುಗ ದೊಡ್ಡ ಕ್ಲಿನಿಕ್‌ನಲ್ಲಿ ಸಣ್ಣ ಸಂಬಳಕ್ಕೆ ಸೇರುತ್ತಾನೆ, ಇಲ್ಲವೇ ಸಾಲ ಮಾಡಿ ಸ್ವಂತ ಕುರ್ಚಿ ಹಾಕುತ್ತಾನೆ. ಆಗ ಅವನ ಮೊಬೈಲಿಗೆ ಜಾಹೀರಾತು ಬರಲು ಶುರು. ಎರಡು ದಿನದಲ್ಲಿ ವಿನಿಯರ್ ಕಲಿಯಿರಿ, ಸ್ಟಾರ್ ಹೋಟೆಲಲ್ಲಿ ಊಟ, ಕೊನೆಗೆ ಬಣ್ಣದ ಸರ್ಟಿಫಿಕೇಟ್. ಶನಿವಾರ ಬೆಂಗಳೂರಿಗೋ ಕೊಚ್ಚಿಗೋ ಹೋಗಿ, ಸೋಮವಾರ ವಾಪಸ್ ಬಂದು, ಆ ಸರ್ಟಿಫಿಕೇಟ್ ಗೋಡೆಗೆ ತೂಗಿಸಿ ಕೆಲಸ ಶುರು ಮಾಡಿದರೆ ಕೇಳುವವರು ಯಾರು?

ಎರಡು ದಿನದಲ್ಲಿ ಕಲಿತರೆ ಏನು ತೊಂದರೆ ಎನ್ನಬಹುದು. ತೊಂದರೆ ಇರುವುದು ಹಲ್ಲಿನ ಸ್ವಭಾವದಲ್ಲೇ. ಹಲ್ಲಿನ ಹೊರಗಿನ ಗಟ್ಟಿ ಪದರ ಎನಾಮೆಲ್. ಚರ್ಮ ಗೀರಿದರೆ ಮಾಯುತ್ತದೆ, ಮೂಳೆ ಮುರಿದರೆ ಕೂಡುತ್ತದೆ, ಎನಾಮೆಲ್ ಹೋದರೆ ಮತ್ತೆ ಬೆಳೆಯುವುದಿಲ್ಲ. ಎದುರು ಹಲ್ಲಿನಲ್ಲಿ ಅದರ ದಪ್ಪ ಸುಮಾರು ಒಂದು ಮಿಲಿಮೀಟರ್. ವಸಡಿನ ಹತ್ತಿರ ಹೋದಂತೆ ಇನ್ನೂ ತೆಳು. ವಿನಿಯರ್ ಎಂಬ ತೆಳು ಪಿಂಗಾಣಿ ಹಾಳೆ ಅಂಟಿಸಲು ಸಾಮಾನ್ಯವಾಗಿ ಅದರಿಂದ 0.3ರಿಂದ 0.7 ಮಿಲಿಮೀಟರ್ ಅರೆಯುತ್ತಾರೆ. ಅಂದರೆ ಕೈ ತಪ್ಪಲು ಇರುವ ಜಾಗ ಕೂದಲಿನಷ್ಟು. ಅರೆದದ್ದು ಎನಾಮೆಲ್‌ನೊಳಗೇ ನಿಂತರೆ ಅಂಟು ಗಟ್ಟಿ. ಅದನ್ನು ದಾಟಿ ಒಳಗಿನ ಡೆಂಟಿನ್‌ಗೆ ಹೋದರೆ ಅಂಟಿನ ಬಲ ಕಡಿಮೆ, ಮೇಲಿಂದ ಜುಮ್ಮೆನ್ನುವ ನೋವು. ಇನ್ನು ವಿನಿಯರ್ ಸಾಕಾಗುವ ಕಡೆ ಪೂರ್ತಿ ಕ್ಯಾಪ್ ಹಾಕಿದರಂತೂ ಬಾಯಲ್ಲಿ ಕಾಣುವ ಹಲ್ಲಿನ ಅರ್ಧಕ್ಕಿಂತ ಹೆಚ್ಚು ಭಾಗ ಪುಡಿಯಾಗಿ ಹೋಗುತ್ತದೆ.

ಅಂಟಿಸುವ ಕಲೆಯೂ ಸುಲಭದ್ದಲ್ಲ. ಆಸಿಡ್ ಹಚ್ಚಿ ಎನಾಮೆಲ್ ಒರಟು ಮಾಡಿ ಅಂಟಿಸಬಹುದು ಎಂದು 1955ರಲ್ಲಿ ಅಮೆರಿಕದ ಮೈಕೆಲ್ ಬ್ಯುನೊಕೋರ್ ತೋರಿಸಿಕೊಟ್ಟರು. ಇಂದಿನ ಕಾಂಪೊಸಿಟ್, ವಿನಿಯರ್ ಎಲ್ಲ ನಿಂತಿರುವುದು ಅದರ ಮೇಲೆ. ಆದರೆ ಅಂಟಿಸುವ ಹೊತ್ತಿಗೆ ಸ್ವಲ್ಪ ಎಂಜಲು ತಾಗಿದರೂ ಕೆಲಸ ಕೆಟ್ಟಿತು. ಹಲ್ಲನ್ನು ರಬ್ಬರ್ ಹಾಳೆಯಿಂದ ಬೇರ್ಪಡಿಸಿ ಒಣಗಿಸಿಟ್ಟುಕೊಳ್ಳುವ ತಾಳ್ಮೆಯನ್ನು ಸ್ಲೈಡ್ ತೋರಿಸಿ ಕಲಿಸಲಾಗದು. ಅದು ಕೈಗೆ ಬರಬೇಕು. ಮಾಡಬೇಕು, ತಪ್ಪಬೇಕು, ಪಕ್ಕದಲ್ಲಿ ನಿಂತ ಹಿರಿಯರು ತಿದ್ದಬೇಕು. ಆ ತಪ್ಪು ಪ್ಲಾಸ್ಟಿಕ್ ಹಲ್ಲಿನ ಮೇಲಾಗಬೇಕೇ ಹೊರತು ನಮ್ಮ ಮಕ್ಕಳ ಬಾಯಲ್ಲಿ ಆಗಬಾರದು.

ಹಾಗಂತ ಸಣ್ಣ ಕೋರ್ಸ್‌ಗಳೆಲ್ಲ ಮೋಸ ಎಂದು ನಾವು ಹೇಳುವುದಿಲ್ಲ. ಹತ್ತು ವರ್ಷ ಕೆಲಸ ಮಾಡಿದ ವೈದ್ಯರಿಗೆ ಹೊಸ ಸಾಮಗ್ರಿಯ ಪರಿಚಯಕ್ಕೆ ಎರಡು ದಿನ ಸಾಕಾಗಬಹುದು. ಒಳ್ಳೆಯ ತರಬೇತಿಯ ಗುರುತು ಬೇರೆ. ಅಲ್ಲಿ ಮೊದಲು ಮಾದರಿ ಹಲ್ಲಿನ ಮೇಲೆ ಅಭ್ಯಾಸ, ಆಮೇಲೆ ಗುರುಗಳ ಎದುರಿನಲ್ಲಿ ನಿಜವಾದ ರೋಗಿಗೆ ಚಿಕಿತ್ಸೆ, ಒಂದು ವರ್ಷದ ಬಳಿಕ ಅದೇ ರೋಗಿಯನ್ನು ಕರೆದು ತಪಾಸಣೆ. ಯಾರಿಗೆ ಈ ಚಿಕಿತ್ಸೆ ಮಾಡಬಾರದು ಎಂಬುದನ್ನೂ ಅಲ್ಲಿ ಕಲಿಸುತ್ತಾರೆ. ಚಹಾ, ಎಲೆಅಡಿಕೆಯ ಕಲೆಗೆ ಬರೀ ಕ್ಲೀನಿಂಗ್ ಸಾಕು. ಬ್ಲೀಚಿಂಗ್ ಮಾಡಿದರೆ ಹಲ್ಲಿನ ಬಣ್ಣ ಬದಲಾಗುತ್ತದೆ, ಹಳೆಯ ಫಿಲ್ಲಿಂಗ್, ಕ್ಯಾಪ್‌ಗಳ ಬಣ್ಣ ಬದಲಾಗುವುದಿಲ್ಲ. ಇದನ್ನು ಮೊದಲೇ ಹೇಳುವ ವೈದ್ಯರಿಗೆ ಒಂದು ಬಿಲ್ ಕಡಿಮೆಯಾಗಬಹುದು, ಒಂದು ಮನೆಯ ವಿಶ್ವಾಸ ಉಳಿಯುತ್ತದೆ.

ಸರಕಾರದ ನಿಯಮ ಇಲ್ಲವೇ? ಉಂಟು. ದಂತ ವೈದ್ಯರು ಓದು ಮುಂದುವರಿಸಬೇಕು ಎಂದು ಭಾರತೀಯ ದಂತ ವೈದ್ಯ ಪರಿಷತ್ತು ಸಿಡಿಇ ಪಾಯಿಂಟ್‌ಗಳ ಪದ್ಧತಿ ತಂದಿದೆ. 1948ರ ದಂತ ವೈದ್ಯರ ಕಾಯ್ದೆಯ ಜಾಗಕ್ಕೆ ಸಂಸತ್ತು 2023ರಲ್ಲಿ ರಾಷ್ಟ್ರೀಯ ದಂತ ಆಯೋಗದ ಕಾಯ್ದೆಯನ್ನು ಅಂಗೀಕರಿಸಿದೆ. ಆದರೆ ಪಾಯಿಂಟ್ ಸಿಗುವುದು ಸಭಾಂಗಣದಲ್ಲಿ ಕುಳಿತ ಹೊತ್ತಿಗೆ. ಕುಳಿತವನ ಕೈ ಎಷ್ಟು ಪಳಗಿತು ಎಂದು ಅಳೆಯುವ ಸಾಧನ ಅದರಲ್ಲಿಲ್ಲ. ಗಲ್ಫಿಗೆ ಹೋಗುವ ನಮ್ಮ ವೈದ್ಯರಿಗೆ ಇದರ ಬಿಸಿ ಬೇಗ ತಟ್ಟುತ್ತದೆ. ಅಲ್ಲಿ ಲೈಸೆನ್ಸ್‌ಗೆ ಪರೀಕ್ಷೆ ಬರೆಯಬೇಕು, ದಾಖಲೆಗಳ ಪರಿಶೀಲನೆ ಆಗಬೇಕು, ನವೀಕರಣಕ್ಕೆ ಕಲಿಕೆಯ ಗಂಟೆಗಳ ಲೆಕ್ಕ ಕೊಡಬೇಕು. ಎರಡು ದಿನದ ಸರ್ಟಿಫಿಕೇಟ್ ತೋರಿಸಿದರೆ ‘ಸ್ಪೆಷಲಿಸ್ಟ್’ ಎಂದು ಅಲ್ಲಿ ಯಾರೂ ಒಪ್ಪುವುದಿಲ್ಲ. ಅಲ್ಲಿ ಒಪ್ಪದ್ದನ್ನು ಇಲ್ಲಿ ನಾವು ಯಾಕೆ ಒಪ್ಪಬೇಕು?

ಇದರಲ್ಲಿ ನಮ್ಮ ಹೆಣ್ಣುಮಕ್ಕಳ ಮಾತು ಬೇರೆಯೇ ಉಂಟು. ಬ್ಯಾರಿ ಮನೆಯ ಹುಡುಗಿ ಬಿಡಿಎಸ್ ಸೇರಿದಳು ಎಂಬುದು ಈಗ ಹೊಸ ಸುದ್ದಿಯಲ್ಲ. ಹಿಂದಿನವರು ಕನಸು ಕಾಣದ ಸಂಗತಿ ಇದು, ಸಂತೋಷ. ಆದರೆ ಮದುವೆ, ಹೆರಿಗೆ, ಗಂಡನ ಜೊತೆ ಗಲ್ಫ್ ಎಂದು ನಾಲ್ಕೈದು ವರ್ಷ ಕೆಲಸ ಬಿಟ್ಟವರು ಎಷ್ಟು ಜನ! ಅಷ್ಟರೊಳಗೆ ಸಾಮಗ್ರಿ ಬದಲಾಗಿರುತ್ತದೆ, ಅಳತೆ ತೆಗೆಯುವ ಕ್ರಮ ಬದಲಾಗಿರುತ್ತದೆ, ಕೈಯ ಅಭ್ಯಾಸವೂ ತಪ್ಪಿರುತ್ತದೆ. ಮುಂದುವರಿದ ತರಬೇತಿ ಎಲ್ಲರಿಗಿಂತ ಹೆಚ್ಚು ಬೇಕಾದದ್ದು ಇವರಿಗೆ. ಮೂರು ದಿನ ಬೆಂಗಳೂರಿಗೆ ಹೋಗಿ ಬರುತ್ತೇನೆ ಎಂದರೆ ‘ಮಗುವನ್ನು ಯಾರು ನೋಡುವುದು?’ ಎಂದು ಮನೆಯಲ್ಲಿ ಮಾತು ಮುಗಿಯುತ್ತದೆ. ಲಕ್ಷಗಟ್ಟಲೆ ಖರ್ಚು ಮಾಡಿ ಕಲಿಸಿದ ಪದವಿ ಕಪಾಟಿನಲ್ಲಿ ಉಳಿಯುತ್ತದೆ. ಹೆಣ್ಣು ಡಾಕ್ಟರೇ ಬೇಕು ಎಂದು ಹುಡುಕುವವರೂ ನಾವೇ, ಆಕೆಯನ್ನು ಮನೆಯಲ್ಲಿ ಕೂರಿಸುವವರೂ ನಾವೇ.

ಹಾಗಾದರೆ ಮಾಡಬೇಕಾದದ್ದೇನು? ನಮ್ಮ ಜಮಾಅತ್‌ಗಳು, ಅನಿವಾಸಿ ಸಂಘಟನೆಗಳು ವಿದ್ಯಾರ್ಥಿವೇತನ ಕೊಡುತ್ತಿವೆ, ಶಾಲು ಹೊದಿಸಿ ಫೋಟೊ ತೆಗೆಸುತ್ತಿವೆ. ಒಳ್ಳೆಯದೇ. ಆದರೆ ನೆರವು ಪದವಿ ಪ್ರದಾನದ ದಿನಕ್ಕೆ ನಿಲ್ಲುತ್ತದೆ. ಆ ನಿಧಿಯಲ್ಲಿ ಒಂದು ಪಾಲನ್ನು ಬಿಡಿಎಸ್ ನಂತರದ ಕಲಿಕೆಗೆ ತೆಗೆದಿಡಲಿ. ದಾನವಾಗಿ ಬೇಡ, ಬಡ್ಡಿಯಿಲ್ಲದ ಸಾಲವಾಗಿ ಕೊಡಲಿ. ಕಲಿತು ದುಡಿದವರು ಹಿಂತಿರುಗಿಸಲಿ, ಅದು ಇನ್ನೊಬ್ಬರಿಗೆ ಹೋಗಲಿ. ಯಾವ ಕೋರ್ಸ್‌ಗೆ ಕೊಡಬೇಕು ಎಂದು ತೀರ್ಮಾನಿಸಲು ಇಬ್ಬರು ಮೂವರು ಎಂಡಿಎಸ್ ವೈದ್ಯರ ಸಲಹೆ ಪಡೆಯಲಿ.

ಎರಡನೆಯದು, ದೂರ ಹೋಗುವ ಅಗತ್ಯವೇ ಇಲ್ಲ ಮಾರಾಯ್ರೆ. ದೇರಳಕಟ್ಟೆಯಲ್ಲೇ ಯೆನೆಪೋಯ, ಎ.ಬಿ. ಶೆಟ್ಟಿ ಎರಡು ಡೆಂಟಲ್ ಕಾಲೇಜುಗಳಿವೆ. ಮಂಗಳೂರಿನಲ್ಲಿ ಮಣಿಪಾಲದವರ ಕಾಲೇಜು, ಎ.ಜೆ. ಕಾಲೇಜು ಉಂಟು. ಪ್ಲಾಸ್ಟಿಕ್ ಹಲ್ಲಿನ ಲ್ಯಾಬ್, ಎಂಡಿಎಸ್ ಕಲಿಸುವ ಅಧ್ಯಾಪಕರು, ರೋಗಿಗಳು ಮೂರೂ ಇರುವ ಜಾಗಗಳಿವು. ಭಾನುವಾರವೋ ಸಂಜೆಯೋ ಆರು ತಿಂಗಳ ತರಬೇತಿಯನ್ನು ಹೊರಗಿನ ವೈದ್ಯರಿಗೆ, ಮುಖ್ಯವಾಗಿ ಬಿಡುವಿನ ನಂತರ ಮರಳುವ ಹೆಣ್ಣುಮಕ್ಕಳಿಗೆ, ಕೈಗೆಟಕುವ ಫೀಸಿನಲ್ಲಿ ನಡೆಸಲಿ ಎಂದು ಎಲ್ಲ ಸಮುದಾಯದ ಮುಖಂಡರು ಕೂಡಿ ಕೇಳಬೇಕು. ಇದು ಬ್ಯಾರಿಗಳ ಲಾಭದ ಮಾತಲ್ಲ, ಇಡೀ ಜಿಲ್ಲೆಯ ರೋಗಿಗಳ ಲಾಭ.

ಮೂರನೆಯದು ವೈದ್ಯರೇ ಮಾಡಬಹುದಾದದ್ದು. ಎಂಟು ಹತ್ತು ಮಂದಿ ತಿಂಗಳಿಗೊಮ್ಮೆ ಕೂಡಿ, ತಾವು ಮಾಡಿದ ಕೆಲಸದ ಫೋಟೊಗಳನ್ನು ರೋಗಿಯ ಒಪ್ಪಿಗೆ ಪಡೆದು ಮುಂದಿಟ್ಟು ಮಾತಾಡಲಿ. ಚಂದ ಬಂದದ್ದು ಮಾತ್ರ ಅಲ್ಲ, ಕೆಟ್ಟದ್ದನ್ನೂ ತರಲಿ. ಇದಕ್ಕೆ ಹೋಟೆಲೂ ಬೇಡ, ಸ್ಪಾನ್ಸರೂ ಬೇಡ.

‘ನಾನು ಮಾಡದಿದ್ದರೆ ಪಕ್ಕದ ಕ್ಲಿನಿಕ್‌ನವನು ಮಾಡುತ್ತಾನೆ’ ಎಂದು ಯುವ ವೈದ್ಯರು ಹೇಳುವುದು ಸುಳ್ಳಲ್ಲ. ಅದನ್ನು ಬದಲಿಸುವ ಶಕ್ತಿ ರೋಗಿಗಳಾದ ನಮ್ಮ ಕೈಯಲ್ಲಿದೆ. ಮದುವೆಗೆ ಹತ್ತು ದಿನ ಇರುವಾಗ ಹೋಗಿ ಹಲ್ಲು ಬದಲಿಸಿ ಎಂದು ಒತ್ತಡ ಹಾಕುವುದನ್ನು ನಿಲ್ಲಿಸಬೇಕು. ಎಲ್ಲಿ ಕಲಿತಿರಿ, ಎಷ್ಟು ಮಂದಿಗೆ ಮಾಡಿದ್ದೀರಿ, ಅರೆಯದೆ ಬೇರೆ ದಾರಿ ಇದೆಯೇ, ಎಷ್ಟು ವರ್ಷ ಬಾಳುತ್ತದೆ ಎಂದು ಕೇಳಬೇಕು. ಅರೆದ ಹಲ್ಲಿಗೆ ಹಾಕಿದ ವಿನಿಯರ್ ಜೀವನಪೂರ್ತಿ ಬರುವುದಿಲ್ಲ. 22ನೇ ವಯಸ್ಸಿನಲ್ಲಿ ಹಾಕಿಸಿಕೊಂಡವರು ಮುಂದೆ ಮತ್ತೆ ಮತ್ತೆ ಬದಲಿಸಬೇಕಾಗುತ್ತದೆ, ಆ ಖರ್ಚನ್ನೂ ಈಗಲೇ ಲೆಕ್ಕ ಹಾಕಬೇಕು. ದೀನಿನ ಕಡೆಯಿಂದಲೂ ಒಂದು ಮಾತು. ಬರೀ ಚಂದಕ್ಕಾಗಿ ಹಲ್ಲು ಅರೆದು ಸಂದು ಮಾಡಿಸುವುದನ್ನು ಹದೀಸ್ ಖಂಡಿಸಿದೆ, ದೋಷ ಸರಿಪಡಿಸುವ ಚಿಕಿತ್ಸೆಗೆ ಅಡ್ಡಿಯಿಲ್ಲ ಎಂದು ಉಲಮಾಗಳು ಹೇಳುತ್ತಾರೆ. ತಮ್ಮದು ಯಾವುದು ಎಂಬ ಸಂಶಯ ಇದ್ದವರು ಉಸ್ತಾದರನ್ನೂ ವೈದ್ಯರನ್ನೂ ಕೇಳಿ ಮುಂದುವರಿಯಲಿ. ಚೆನ್ನಾಗಿ ಕಲಿತ ವೈದ್ಯರೂ ಆರೋಗ್ಯದ ಹಲ್ಲನ್ನು ಅರೆಯುವ ಮೊದಲು ಹತ್ತು ಸಲ ಯೋಚಿಸುತ್ತಾರೆ.

ಒಬ್ಬರನ್ನು ಡಾಕ್ಟರ್ ಮಾಡಲು ಒಂದು ಮನೆ ಐದು ವರ್ಷ ಹೊಟ್ಟೆ ಬಟ್ಟೆ ಕಟ್ಟುತ್ತದೆ. ಆ ಶ್ರಮ ಗೋಡೆಯ ಮೇಲಿನ ಬಣ್ಣದ ಕಾಗದದಲ್ಲಿ ಮುಗಿಯಬಾರದು. ಮುಂದಿನ ಜಮಾಅತ್ ಸಭೆಯಲ್ಲಿ ವಿದ್ಯಾರ್ಥಿವೇತನದ ವಿಷಯ ಬಂದಾಗ ಯಾರಾದರೂ ಒಬ್ಬರು ಎದ್ದು ನಿಂತು, ಪದವಿ ಮುಗಿಸಿದವರಿಗೆ ನಾವು ಏನು ಕೊಡುತ್ತೇವೆ ಎಂದು ಕೇಳಿದರೆ ಸಾಕು. ಕೆಲಸ ಅಲ್ಲಿಂದ ಶುರುವಾಗುತ್ತದೆ.