ಕ್ಯಾರವಾನ್ ಮುಟ್ಟೋ ಮುಂಚೆ ಒಂದು ಮಾತು!

ಅಭಿಮಾನಿ ಮಿತ್ರರೇ, ನಿಮ್ಮೂರಿಗೆ ಶೂಟಿಂಗ್ ಬಂದರೆ ನೀವು ಮೊದಲು ಹುಡುಕೋದು ಏನನ್ನ? ಕ್ಯಾಮೆರಾನಾ? ಡೈರೆಕ್ಟರನ್ನಾ? ಊಹೂಂ... ಕ್ಯಾರವಾನ್! ಹೀರೋ ಅದರೊಳಗಿದ್ದಾರೆ ಅಂತ ಗೊತ್ತಾದರೆ ಸಾಕು, ಸುತ್ತ ಜಾತ್ರೆ. ಒಬ್ಬ ಅದಕ್ಕೆ ಒರಗಿ ಫೋಟೋ ತೆಗೆಸಿಕೊಳ್ತಾನೆ, ಇನ್ನೊಬ್ಬ ಮೆಟ್ಟಿಲ ಕಂಬಿ ಹಿಡಿದು ಇಣುಕ್ತಾನೆ.

ಹಿಂದೆಲ್ಲ ತಾರೆಯರಿಗೆ ಮರದ ನೆರಳು, ಮಡಚೋ ಕುರ್ಚಿ, ಕೊಡೆ ಹಿಡಿಯೋ ಹುಡುಗ, ಇಷ್ಟೇ ವೈಭೋಗ. ಈಗ ಏ.ಸಿ., ಗೀಸರ್, ಫ್ರಿಜ್ಜು, ಕನ್ನಡಿ ಸುತ್ತ ದೀಪಗಳ ಸಾಲು. ಚಕ್ರದ ಮೇಲಿನ ಮನೆ! ಮನೆ ಅಂದಮೇಲೆ ಕರೆಂಟು ಬೇಡವೇ? ಜನರೇಟರ್ ಇದ್ದರೂ ಅದರ ಗದ್ದಲ, ಡೀಸೆಲ್ ಖರ್ಚು ಯಾರಿಗೆ ಬೇಕು ಅಂತ ಪಕ್ಕದ ಕಲ್ಯಾಣ ಮಂಟಪದಿಂದಲೋ ತೋಟದ ಮನೆಯಿಂದಲೋ ಒಂದು ವೈರ್ ಎಳೆದುಬಿಡೋದುಂಟು. ಈ ವಾರದ ಮಾತು ಆ ವೈರಿನದ್ದು.

ನಾನು ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನು. ವಿದ್ಯುತ್ತಿನ ಪಾಠ ನನಗಾಗಿದ್ದು ಔಟ್‌ಡೋರ್ ಯೂನಿಟ್ಟಿನ ಜನರೇಟರ್ ಅಣ್ಣಂದಿರ ಪಕ್ಕ ಕೂತು ಟೀ ಕುಡಿಯುವಾಗ. ಅವರಿಂದ ಕಲಿತ ಮೊದಲ ಪಾಠವೇ ಎದೆ ನಡುಗಿಸುವಂಥದ್ದು. ಕ್ಯಾರವಾನಿನ ಕರೆಂಟು ಕೆಟ್ಟರೆ ಹೆಚ್ಚು ಅಪಾಯ ಒಳಗೆ ಕೂತ ಹೀರೋಗಲ್ಲ, ಹೊರಗೆ ನೆಲದ ಮೇಲೆ ನಿಂತು ಬಾಗಿಲ ಹಿಡಿ ಹಿಡಿಯೋನಿಗೆ!

ಯಾಕೆ ಅಂತೀರಾ? ಗಾಡಿ ನಿಂತಿರೋದು ರಬ್ಬರ್ ಟೈರಿನ ಮೇಲೆ. ಒಳಗೆ ಎಲ್ಲೋ ವೈರಿನ ಹೊದಿಕೆ ಸವೆದು ಫೇಸ್ ತಗಡಿಗೆ ತಾಗಿತು ಅನ್ನಿ, ಇಡೀ ಗಾಡಿಗೆ 230 ವೋಲ್ಟ್ ಏರುತ್ತೆ. ಅರ್ಥಿಂಗ್ ಸರಿ ಇದ್ದರೆ ಕರೆಂಟು ಆ ದಾರಿ ಹಿಡಿದು ಹರಿಯುತ್ತೆ, ಕಾವಲಿನ ಸ್ವಿಚ್ ಬಿದ್ದುಹೋಗುತ್ತೆ. ಅರ್ಥಿಂಗೇ ಇಲ್ಲದಿದ್ದರೆ ಅದು ಸದ್ದಿಲ್ಲದೆ ಕಾಯ್ತಾ ಇರುತ್ತೆ. ಒಳಗಿರೋರ ಕೈಯೂ ಕಾಲೂ ಅದೇ ಗಾಡಿಯಲ್ಲಿ, ಹಾಗಾಗಿ ಅವರಿಗೆ ಗೊತ್ತೇ ಆಗದಿರಬಹುದು. ಒದ್ದೆ ನೆಲದ ಮೇಲೆ ನಿಂತು ಮುಟ್ಟಿದ ಟಚಪ್ ಹುಡುಗನೋ, ಡ್ರೈವರೋ, ಅಭಿಮಾನಿಯೋ, ಅವನ ಮೈಯೇ ಆ ಕರೆಂಟಿಗೆ ದಾರಿ!

ಇದು ಬರೀ ಹೆದರಿಸೋ ಮಾತಲ್ಲ. 2021ರ ಆಗಸ್ಟ್‌ನಲ್ಲಿ ಬಿಡದಿ ಬಳಿ 'ಲವ್ ಯೂ ರಚ್ಚು' ಚಿತ್ರೀಕರಣದಲ್ಲಿ ಯುವ ಫೈಟರ್ ಒಬ್ಬ ವಿದ್ಯುತ್ ತಗುಲಿ ಪ್ರಾಣ ಬಿಟ್ಟ. ಅದು ಮೇಲಿನ ಹೈಟೆನ್ಷನ್ ಲೈನಿನ ದುರಂತ, ಕ್ಯಾರವಾನಿನದಲ್ಲ, ನಿಜ. ಆದರೆ ಸೆಟ್ಟಿನಲ್ಲಿ ಕರೆಂಟು ಯಾರನ್ನು ಮೊದಲು ಹುಡುಕುತ್ತೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕೇ?

ಹಾಗಾದರೆ ಸರಿಯಾದ ಕ್ರಮ ಯಾವುದು? ಮೊದಲು ಗಾಡಿಯೊಳಗಿನ ಎಲ್ಲ ಸ್ವಿಚ್ ಆಫ್, ಕರೆಂಟು ಕೊಡೋ ಕಡೆಯೂ ಆಫ್. ಡ್ರಮ್ಮಿಗೆ ಸುತ್ತಿದ ಕೇಬಲ್ ಪೂರ್ತಿ ಬಿಚ್ಚಬೇಕು. ಸುತ್ತಿದಂತೆಯೇ ಬಿಟ್ಟರೆ ಅದು ಬಿಸಿಯೇರಿ ಕರಗುತ್ತೆ. ಆಮೇಲೆ ಕೇಬಲ್ಲನ್ನ ಮೊದಲು ಗಾಡಿಗೆ ಸಿಕ್ಕಿಸಿ, ನಂತರ ಬೋರ್ಡಿಗೆ. ಕೊನೆಗೆ ಸ್ವಿಚ್ ಆನ್. ತೆಗೆಯುವಾಗ ಉಲ್ಟಾ: ಸ್ವಿಚ್ ಆಫ್, ಮೊದಲು ಬೋರ್ಡಿನಿಂದ, ಆಮೇಲೆ ಗಾಡಿಯಿಂದ. ಹೀಗೆ ಮಾಡಿದರೆ ಜೀವಂತ ತುದಿ ಯಾರ ಕೈಗೂ ಬರಲ್ಲ.

ತ್ರೀ ಪಿನ್ ಪ್ಲಗ್ಗಿನ ದಪ್ಪ ಪಿನ್ ನೋಡಿದ್ದೀರಲ್ಲ? ಅದೇ ಅರ್ಥ್. ಉಳಿದೆರಡಕ್ಕಿಂತ ಉದ್ದ, ಮೊದಲು ಒಳಹೋಗಲಿ, ಕೊನೆಗೆ ಹೊರಬರಲಿ ಅಂತ. ಅದನ್ನ ಕಿತ್ತೆಸೆದು, ಬರೀ ಎರಡು ವೈರ್ ಸಾಕೆಟ್ಟಿಗೆ ತುರುಕಿ ಬೆಂಕಿಕಡ್ಡಿ ಸಿಗಿಸೋ ಜಾಣರಿದ್ದಾರೆ. ಇಂಥ ಜಾಣತನಕ್ಕೆ ದೊಡ್ಡ ನಮಸ್ಕಾರ!

ಇನ್ನು ಲೆಕ್ಕ. ಏ.ಸಿ. ಸುಮಾರು 1,800 ವ್ಯಾಟ್, ಗೀಸರ್ 2,000, ಮೈಕ್ರೋವೇವ್ 1,200. ಒಟ್ಟು 5,000. ಅದನ್ನ 230ರಿಂದ ಭಾಗಿಸಿದರೆ ಸುಮಾರು 22 ಆಂಪ್ಸ್. ಮನೆಯ ಪವರ್ ಸಾಕೆಟ್ ತಡೆಯೋದು 16. ಒಂದೋ ಗೀಸರ್ ಆರಿಸಿ, ಇಲ್ಲಾ 32 ಆಂಪ್ಸಿನ ಇಂಡಸ್ಟ್ರಿಯಲ್ ಸಾಕೆಟ್ಟಿಗೆ ತಕ್ಕ ದಪ್ಪ ಕೇಬಲ್ ಹಾಕಿಸಿ.

16 ಆಂಪ್ಸಿನ ಎಂ.ಸಿ.ಬಿ. ಕಾಯೋದು ವೈರನ್ನ, ಮನುಷ್ಯನನ್ನಲ್ಲ. ಆಂಪಿಯರಿನ ಹತ್ತರಲ್ಲೊಂದು ಪಾಲು ಎದೆ ಮೂಲಕ ಹಾದರೂ ಜೀವ ಹೋಗಬಹುದು. ಮನುಷ್ಯನನ್ನ ಕಾಯೋಕೆ 30 ಮಿಲಿ ಆಂಪ್ಸಿನ ಆರ್.ಸಿ.ಸಿ.ಬಿ. ಬೇಕು. ಸೋರಿಕೆ ಆದೊಡನೆ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಡಿಯುತ್ತೆ. ಅದರ ಮೇಲಿನ ಟೆಸ್ಟ್ ಬಟನ್ ಒತ್ತಿ, ಬೀಳದಿದ್ದರೆ ಆ ಗಾಡಿಗೆ ಕರೆಂಟು ಬೇಡ. ಬಟನ್ ಹೇಳೋದು ಸ್ವಿಚ್ಚಿನ ಆರೋಗ್ಯ ಮಾತ್ರ. ಅರ್ಥಿಂಗ್ ಇದೆಯೋ ಇಲ್ಲವೋ ವೈರ್‌ಮನ್ನೇ ಮೀಟರ್ ಹಿಡಿದು ನೋಡಬೇಕು. ಜನರೇಟರ್, ಮೈನ್ಸ್ ಎರಡೂ ಇದ್ದರೆ ನಡುವೆ ಚೇಂಜ್ ಓವರ್ ಸ್ವಿಚ್ ಕಡ್ಡಾಯ. ಇಲ್ಲದಿದ್ದರೆ ಜನರೇಟರಿನ ಕರೆಂಟು ಹಿಂದಕ್ಕೆ ಹರಿದು, ಪವರ್ ಕಟ್ ಆಗಿದೆ ಅಂತ ಕಂಬ ಹತ್ತಿದ ಲೈನ್‌ಮನ್ನನ್ನ ಬಲಿ ತಗೋಬಹುದು.

ಇಷ್ಟೆಲ್ಲ ಪ್ರೊಡಕ್ಷನ್‌ನವರಿಗೆ ಸರಿ, ನಮಗ್ಯಾಕೆ ಅಂತೀರಾ? ನಿಮ್ಮಲ್ಲೇ ಎಷ್ಟೋ ಜನ ನಾಳೆ ಲೈಟ್ ಬಾಯ್‌ಗಳು, ಡ್ರೈವರ್‌ಗಳು. ಇವತ್ತಿಗೆ ಇಷ್ಟು ಸಾಕು: ಕ್ಯಾರವಾನಿಗೆ ಒರಗಬೇಡಿ, ಮಳೆ ಬಂದಾಗಲಂತೂ ಬೇಡವೇ ಬೇಡ. ಮುಟ್ಟಿದಾಗ ಸ್ವಲ್ಪ ಜುಮ್ ಅಂದರೂ ನಗಬೇಡಿ. ದೂರ ಸರಿದು ಕರೆಂಟು ತೆಗೀರಿ ಅಂತ ಕೂಗಿ. ಯಾರಾದರೂ ಅಂಟಿಕೊಂಡರೆ ಅವರನ್ನ ಕೈಯಲ್ಲಿ ಎಳೀಬೇಡಿ, ಮೊದಲು ಮೈನ್ ಸ್ವಿಚ್ಚಿಗೆ ಓಡಿ.

ಹೀರೋ ಹೇಗೂ ಹೊರಗೆ ಬಂದೇ ಬರ್ತಾರೆ, ಕೈ ಬೀಸೇ ಬೀಸ್ತಾರೆ. ಹತ್ತು ಹೆಜ್ಜೆ ದೂರದಿಂದಲೂ ಶಿಳ್ಳೆ ಕೇಳಿಸುತ್ತೆ ಕಣ್ರೀ! ಮುಂದಿನ ವಾರ ಸಿಗೋಣ.