ನಾಲ್ಕನೆಯವಳ ಹೆಸರು

ಈ ಅಂಕಣವನ್ನು ತಪ್ಪದೆ ಓದುವ ಆಲೂರು ಕಡೆಯ ವಾಚಕರೊಬ್ಬರು ನಮಗೆ ಪತ್ರ ಬರೆದಿದ್ದಾರೆ. “ಹತ್ತಿ, ಮೆಣಸಿನಕಾಯಿ, ಗುಳೆ, ಕನ್ನಡ ಶಾಲೆ, ಇವುಗಳನ್ನು ಬಿಟ್ಟರೆ ನಿಮಗೆ ಬೇರೆ ಹವ್ಯಾಸವೇ ಇಲ್ಲವೇ ಮೇಷ್ಟ್ರೇ?” ಎಂದು ಕೇಳಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ನಮಗೊಂದು ಹವ್ಯಾಸವಿದೆ, ಹೇಳಿಕೊಳ್ಳಲು ಇಷ್ಟು ದಿನ ಸಂಕೋಚಪಟ್ಟೆವು. ನಾವು ಮಹಿಳೆಯರ ಗಾಲ್ಫ್ ಆಟದ ಅಭಿಮಾನಿಗಳು. ಪೆದ್ದಹರಿವಾಣದ ಕಪ್ಪು ನೆಲದಲ್ಲಿ ಕುಳಿತು, ಹಸುರು ಹುಲ್ಲುಹಾಸಿನ ಮೇಲೆ ನಡೆಯುವ ಸಿರಿವಂತರ ಆಟವೊಂದನ್ನು ಹತ್ತು ವರ್ಷಗಳಿಂದ ಹಿಂಬಾಲಿಸುತ್ತಿದ್ದೇವೆ. ನಗುವವರು ನಗಲಿ. ಆದರೆ ಕಾರಣವನ್ನು ಪೂರ್ತಿಯಾಗಿ ಕೇಳಿದ ಮೇಲೆ ನಗಬೇಕೆಂದು ಪ್ರಾರ್ಥನೆ.

ಈ ಆಟವನ್ನು ನಮಗೆ ಕಲಿಸಿದವನು ನಮ್ಮ ಹಳೆಯ ವಿದ್ಯಾರ್ಥಿ. ಐದನೆಯ ತರಗತಿಗೆ ಓದು ಬಿಟ್ಟು ತಂದೆತಾಯಿಗಳೊಡನೆ ಬೆಂಗಳೂರಿಗೆ ಗುಳೆ ಹೋದವನು, ಅಲ್ಲಿಯ ಗಾಲ್ಫ್ ಮೈದಾನವೊಂದರಲ್ಲಿ ಹುಲ್ಲು ಕತ್ತರಿಸುವ ಕೆಲಸಕ್ಕೆ ಸೇರಿದ್ದ. 2016ರ ಯುಗಾದಿಗೆ ಊರಿಗೆ ಬಂದಾಗ ನಮ್ಮ ಮನೆಯ ಅಂಗಳದಲ್ಲೇ ಕೋಲಿನಿಂದ ಗೀಟೆಳೆದು ಪಾಠ ಹೇಳಿದ. “ಇದು ನಮ್ಮ ಗೋಲಿಯಾಟನs ಸಾರ್. ಕುಳಿಗೆ ಹಾಕಬೇಕು, ಅಷ್ಟs. ಆದರ ಕುಳಿ ಅಲ್ಲಿ ಕಾಣವಲ್ದಷ್ಟು ದೂರ ಇರ್ತತಿ” ಎಂದ. ಶಿಷ್ಯನು ಗುರುವಾದ ಆ ದಿನ ನಮಗೆ ತಿಳಿದದ್ದು ಇಷ್ಟು: ಒಂದು ಸುತ್ತಿಗೆ ಹದಿನೆಂಟು ಕುಳಿಗಳು. ಪ್ರತಿಯೊಂದು ಕುಳಿಗೂ ಇಷ್ಟು ಹೊಡೆತಗಳಲ್ಲಿ ಚೆಂಡು ಸೇರಬೇಕೆಂಬ ಒಂದು ಲೆಕ್ಕವುಂಟು. ಅದಕ್ಕೆ ‘ಪಾರ್’ ಎಂದು ಹೆಸರು. ಒಂದು ಹೊಡೆತ ಕಡಿಮೆಯಾದರೆ ‘ಬರ್ಡಿ’, ಒಂದು ಹೆಚ್ಚಾದರೆ ‘ಬೋಗಿ’. ಎಲ್ಲ ಸುತ್ತುಗಳೂ ಸೇರಿ ಯಾರು ಕಡಿಮೆ ಹೊಡೆತ ಹೊಡೆದರೋ ಅವರು ಗೆದ್ದಂತೆ. ಹೆಚ್ಚು ಗಳಿಸಿದವರಲ್ಲ, ಕಡಿಮೆ ಖರ್ಚು ಮಾಡಿದವರು ಗೆಲ್ಲುವ ಆಟ! ಬರಗಾಲದ ಸೀಮೆಯ ನಮಗೆ ಇದು ಹಿಡಿಸದೆ ಇದ್ದೀತೇ?

ಉಪಾಧ್ಯಾಯರಾದ ನಮ್ಮ ಮನಸ್ಸನ್ನು ಸೆಳೆದ ಸಂಗತಿ ಇನ್ನೊಂದು. ಈ ಆಟದಲ್ಲಿ ಆಟಗಾರ್ತಿಯ ಬೆನ್ನ ಹಿಂದೆ ಹೆಜ್ಜೆ ಹೆಜ್ಜೆಗೂ ಪಂಚರು ನಿಂತಿರುವುದಿಲ್ಲ. ತಾನು ತಪ್ಪು ಮಾಡಿದರೆ, ಯಾರೂ ನೋಡದಿದ್ದರೂ, ತಾನೇ ಹೇಳಿ ದಂಡದ ಹೊಡೆತವನ್ನು ಸೇರಿಸಿಕೊಳ್ಳಬೇಕು. ಸುತ್ತು ಮುಗಿದ ಬಳಿಕ ಲೆಕ್ಕದ ಚೀಟಿಗೆ ರುಜು ಹಾಕಬೇಕು. ಹೊಡೆದದ್ದಕ್ಕಿಂತ ಕಡಿಮೆ ಬರೆದ ಚೀಟಿಗೆ ರುಜು ಹಾಕಿದರೆ ಸ್ಪರ್ಧೆಯಿಂದಲೇ ಹೊರಗೆ. ಮೇಲ್ವಿಚಾರಕರಿಲ್ಲದ ಪರೀಕ್ಷೆಯ ಕೊಠಡಿಯನ್ನು ಮೂವತ್ತು ವರ್ಷಗಳ ವೃತ್ತಿಯಲ್ಲಿ ನಾವು ಕನಸಿನಲ್ಲಿ ಕೂಡ ಕಂಡಿರಲಿಲ್ಲ.

ಅದೇ ವರ್ಷದ ಆಗಸ್ಟಿನಲ್ಲಿ ರಿಯೋ ಒಲಿಂಪಿಕ್ಸ್ ನಡೆಯಿತು. ಮಹಿಳೆಯರ ಗಾಲ್ಫ್ 1900ರ ಪ್ಯಾರಿಸ್ ಕ್ರೀಡಾಕೂಟದ ತರುವಾಯ, 116 ವರ್ಷಗಳ ಮೇಲೆ, ಒಲಿಂಪಿಕ್ಸಿಗೆ ಮರಳಿತ್ತು. ಆ 1900ರಲ್ಲಿ ಗೆದ್ದ ಅಮೆರಿಕದ ಮಾರ್ಗರೆಟ್ ಅಬಟ್ ಎಂಬಾಕೆ ತಾನು ಆಡಿದ್ದು ಒಲಿಂಪಿಕ್ಸಿನಲ್ಲಿ ಎಂಬುದನ್ನೇ ತಿಳಿಯದೆ 1955ರಲ್ಲಿ ತೀರಿಕೊಂಡಳಂತೆ. ರಿಯೋದಲ್ಲಿ ಭಾರತದ ಪರವಾಗಿ ಆಡಿದವಳು ಬೆಂಗಳೂರಿನ ಹದಿನೆಂಟರ ಹುಡುಗಿ ಅದಿತಿ ಅಶೋಕ್. ಚೀಲ ಹೊತ್ತು ಜೊತೆಗೆ ನಡೆದವರು ಅವಳ ತಂದೆ. ಮನೆಯಲ್ಲಿ ಹಿಂದೆ ಯಾರೂ ಗಾಲ್ಫ್ ಆಡಿದವರಲ್ಲ. ಕರ್ನಾಟಕ ಗಾಲ್ಫ್ ಸಂಘದ ಮೈದಾನ ಕಾಣುವ ಹೋಟೆಲಿಗೆ ತಿಂಡಿಗೆಂದು ಹೋಗುತ್ತಿದ್ದ ಕುಟುಂಬ. ಐದು ವರ್ಷದ ಮಗು ಕುತೂಹಲದಿಂದ ಕೇಳಿತು. ತಂದೆತಾಯಿ ಮಗುವಿನೊಡನೆ ತಾವೂ ಹೋಗಿ ಕಲಿತರು. ಆರಂಭವೆಂದರೆ ಇಷ್ಟೇ. ರಿಯೋದಲ್ಲಿ ಮೊದಲ ಎರಡು ದಿನ ಮುಂಚೂಣಿಯಲ್ಲಿದ್ದು, ಕೊನೆಗೆ 41ನೆಯ ಸ್ಥಾನಕ್ಕೆ ಇಳಿದಳು. ಆದರೆ ಅದೇ ನವೆಂಬರಿನಲ್ಲಿ ಗುರುಗ್ರಾಮದಲ್ಲಿ ನಡೆದ ಮಹಿಳೆಯರ ಇಂಡಿಯನ್ ಓಪನ್ ಗೆದ್ದು, ಯೂರೋಪಿನ ಮಹಿಳಾ ವೃತ್ತಿಪರ ಸರಣಿಯ ಪಂದ್ಯಾವಳಿಯೊಂದನ್ನು ಗೆದ್ದ ಮೊದಲ ಭಾರತೀಯಳೆನಿಸಿದಳು. ಮರುವರ್ಷ ಅಮೆರಿಕದ ಸರಣಿಗೂ ಸೇರಿದಳು. ಅದು 1950ರಲ್ಲಿ ಹದಿಮೂರು ಮಂದಿ ಹೆಣ್ಣುಮಕ್ಕಳು ಸೇರಿ ಕಟ್ಟಿಕೊಂಡ ಸಂಸ್ಥೆ.

ಆ ಬದುಕು ಹೂವಿನ ಹಾಸಿಗೆಯಲ್ಲ ಎಂಬುದನ್ನೂ ಹೇಳಬೇಕು. ವೃತ್ತಿಯ ಆಟಗಾರ್ತಿಗೆ ತಿಂಗಳ ಸಂಬಳವಿಲ್ಲ. ಪ್ರಯಾಣ, ವಸತಿ, ಚೀಲ ಹೊರುವ ಕ್ಯಾಡಿಯ ಕೂಲಿ, ಎಲ್ಲವೂ ಅವಳದೇ. ಮೊದಲ ಎರಡು ದಿನಗಳ ಲೆಕ್ಕದಲ್ಲಿ ಹಿಂದೆ ಬಿದ್ದರೆ ಉಳಿದ ಆಟಕ್ಕೆ ಪ್ರವೇಶವಿಲ್ಲ. ಸಾಮಾನ್ಯವಾಗಿ ಬಹುಮಾನದ ಹಣವೂ ಇಲ್ಲ. ದುಡಿದರೂ ಕೂಲಿ ಹುಟ್ಟದ ದಿನ ಹೇಗಿರುತ್ತದೆಂಬುದನ್ನು ನಮ್ಮ ಸೀಮೆಯವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಇಲ್ಲಿಗೆ ಆಟದ ಮಾತನ್ನು ಸ್ವಲ್ಪ ನಿಲ್ಲಿಸಿ, ನಮ್ಮ ತಪ್ಪೊಂದನ್ನು ವಾಚಕರ ಮುಂದೆ ಇಡುತ್ತೇವೆ. ಅದನ್ನು ಹೇಳದೆ ಮುಂದಿನದು ಅರ್ಥವಾಗದು.

2019ರ ಏಪ್ರಿಲ್ ತಿಂಗಳು. ಆಗ ನಾವು ಬೇರೊಂದು ಹಳ್ಳಿಯ ಶಾಲೆಯಲ್ಲಿದ್ದೆವು. ಊರಿನ ಹೆಸರು ಬೇಡ. ಬೇಸಿಗೆ ರಜೆಗೆ ಮುನ್ನ ಬಹುಮಾನ ಹಂಚುವ ಸಭೆ ಏರ್ಪಡಿಸಿದ್ದೆವು. ಏಳನೆಯ ತರಗತಿಯಲ್ಲಿ ಮೊದಲ ಮೂವರ ಹೆಸರು ಕೂಗಿ, ಸ್ಟೀಲಿನ ತಟ್ಟೆ ಲೋಟ ಕೊಟ್ಟು, ಚಪ್ಪಾಳೆ ಹೊಡೆಸಿದೆವು. ನಾಲ್ಕನೆಯವಳು ಒಬ್ಬ ಹುಡುಗಿ. ಮೂರನೆಯವನಿಗಿಂತ ಎರಡೇ ಅಂಕ ಕಡಿಮೆ. ಅವಳ ತಂದೆ ಗುಂಟೂರು ಕಡೆಯ ಮೆಣಸಿನಕಾಯಿ ಹೊಲಗಳಿಂದ ಹಿಂದಿನ ದಿನವಷ್ಟೇ ಮರಳಿದ್ದವರು, ತೊಳೆದ ಅಂಗಿ ತೊಟ್ಟು ಬಂದು ಹಿಂದಿನ ಸಾಲಿನಲ್ಲಿ ನಿಂತಿದ್ದರು. ಸಭೆ ಮುಗಿದಾಗ ಮಗಳ ಕೈ ಹಿಡಿದು ಮಾತಿಲ್ಲದೆ ಹೊರಟುಹೋದರು. ನಾವು ಅದನ್ನು ಕಂಡೆವು. ಕಂಡೂ ಏನನ್ನೂ ಯೋಚಿಸಲಿಲ್ಲ.

ಜೂನ್ ಕಳೆದು ಜುಲೈ ಬಂದರೂ ಆ ಹುಡುಗಿ ಎಂಟನೆಯ ತರಗತಿಗೆ ಪಕ್ಕದ ಊರಿನ ಪ್ರೌಢಶಾಲೆಗೆ ಸೇರಿರಲಿಲ್ಲ. ವಿಚಾರಿಸಲು ಮನೆಗೆ ಹೋದೆವು. ತಂದೆ ಕಂಬಳಿ ಹಾಸಿ ಕೂಡಿಸಿ, ಬಹಳ ಮರ್ಯಾದೆಯಿಂದಲೇ ಹೇಳಿದರು: “ಸಾರ್, ನೀವು ಮೂರು ಮಂದೀನ ಕರದ್ರಿ. ನಮ್ಮ ಹುಡಿಗಿ ಹೆಸರು ಬರ್ಲಿಲ್ಲ. ಓದು ಆಕಿಗೆ ಹತ್ತಂಗಿಲ್ಲ ಅಂತ ತಿಳಕಂಡ್ವಿ.” ನಾಲ್ಕನೆಯವಳೆಂದರೆ ಮೂವತ್ತೊಂದು ಮಕ್ಕಳಲ್ಲಿ ನಾಲ್ಕನೆಯವಳು ಎಂದು ನಾವು ಹೇಳಿದೆವು. ಅವರು ತಲೆಯಾಡಿಸಿದರು. ಆದರೆ ಅಷ್ಟರಲ್ಲಿ ಹುಡುಗಿ ಹತ್ತಿ ಹೊಲದ ಕೂಲಿಗೆ ಹೋಗತೊಡಗಿದ್ದಳು. ನಮ್ಮ ಮಾತು ಮೂರು ತಿಂಗಳು ತಡವಾಗಿತ್ತು. ಇನ್ನೆರಡು ಸಲ ಹೋಗಿ ಬಂದೆವು, ಆ ಮೇಲೆ ವರ್ಗವಾಯಿತು, ರೋಗದ ಕಾಲ ಬಂತು, ಶಾಲೆಗಳು ಮುಚ್ಚಿದವು. ಮರೆಯಲು ನಮಗೆ ಬೇಕಾದಷ್ಟು ನೆಪಗಳು ದೊರೆತವು.

ಇನ್ನು 2021ರ ಆಗಸ್ಟ್ 7ರ ನಸುಕಿಗೆ ಬರೋಣ. ಹಿಂದಿನ ವರ್ಷ ನಡೆಯಬೇಕಾಗಿದ್ದ ಟೋಕಿಯೋ ಒಲಿಂಪಿಕ್ಸ್ ಅದು. ಕಾಸುಮಿಗಾಸೇಕಿ ಮೈದಾನದಲ್ಲಿ ಮಹಿಳೆಯರ ಗಾಲ್ಫಿನ ಕೊನೆಯ ದಿನ. ಆಡಿದವರು ಅರವತ್ತು ಮಂದಿ. ಜಾಗತಿಕ ಪಟ್ಟಿಯಲ್ಲಿ ಅದಿತಿಯ ಸ್ಥಾನ 200. ಆ ಬೇಸಿಗೆಯಲ್ಲಿ ಕೊರೋನಾ ತಗಲಿ ಮೈಯ ಕಸುವು ತಗ್ಗಿತ್ತು. ಬೇರೆಯವರ ಚೆಂಡು ಹೋದಷ್ಟು ದೂರ ಅವಳ ಚೆಂಡು ಹೋಗುತ್ತಿರಲಿಲ್ಲ. ಆದರೆ ಕುಳಿಯ ಹತ್ತಿರ ಬಂದ ಮೇಲೆ ಚೆಂಡನ್ನು ಮೆಲ್ಲನೆ ಉರುಳಿಸುವ ಕೈಚಳಕದಲ್ಲಿ, ಗಾಲ್ಫಿನವರು ‘ಪಟ್’ ಎನ್ನುವ ಆ ಹೊಡೆತದಲ್ಲಿ, ಅವಳನ್ನು ಮೀರಿಸುವವರು ಅಲ್ಲಿ ಕಡಿಮೆ. ಈ ಸಲ ಚೀಲ ಹೊತ್ತು ಜೊತೆಗಿದ್ದವರು ತಾಯಿ. ಮೂರು ದಿನಗಳಲ್ಲಿ 67, 66, 68 ಹೊಡೆತಗಳಿಗೆ ಆಟ ಮುಗಿಸಿ ಎರಡನೆಯ ಸ್ಥಾನದಲ್ಲಿದ್ದಳು. ಮುಂದಿದ್ದವಳು ಜಗತ್ತಿನ ಮೊದಲನೆಯ ಆಟಗಾರ್ತಿ, ಅಮೆರಿಕದ ನೆಲ್ಲಿ ಕೋರ್ಡಾ.

ನಾವು ಕೋಳಿ ಕೂಗುವ ಮುನ್ನವೇ ಎದ್ದು, ಮೊಬೈಲನ್ನು ನೀರಿನ ತಂಬಿಗೆಗೆ ಒರಗಿಸಿ ಕುಳಿತೆವು. ಚಿತ್ರ ನಡುನಡುವೆ ನಿಲ್ಲುತ್ತಿತ್ತು. ಆಗ ಅಂಕಗಳ ಪಟ್ಟಿಯನ್ನೇ ನೋಡುತ್ತಿದ್ದೆವು. ನಮ್ಮ ಮನೆಯಾಕೆ ಮೊದಲು ಗೊಣಗಿದರು, ಆ ಮೇಲೆ ಚಹಾ ಹಿಡಿದು ಪಕ್ಕದಲ್ಲಿ ಕುಳಿತರು. ಕೊನೆಯ ಹಂತದಲ್ಲಿ ಗುಡುಗುಮಳೆಯ ಭಯದಿಂದ ಆಟವನ್ನು ಕೆಲಹೊತ್ತು ನಿಲ್ಲಿಸಿದರು. ಹೊಲಕ್ಕೆ ಮಳೆ ಬಾ ಎಂದು ಬೇಡುವ ನಾವು ಅಂದು, ಜಪಾನಿನ ಮಟ್ಟಿಗೆ, ಮಳೆ ಸುರಿದು ಆಟ ಅಲ್ಲಿಗೇ ಮುಗಿಯಲೆಂದು ಬಯಸಿದ್ದು ನಿಜ. ಆದರೆ ಆಟ ಮುಂದುವರಿಯಿತು. ಹದಿನೆಂಟನೆಯ ಕುಳಿಯಲ್ಲಿ ಅವಳ ಬರ್ಡಿಯ ಚೆಂಡು ಕುಳಿಯನ್ನು ತಪ್ಪಿತು. ಕೋರ್ಡಾ ಪಾರಿಗಿಂತ 17 ಕಡಿಮೆ. ಜಪಾನಿನ ಮೋನೆ ಇನಾಮಿ, ನ್ಯೂಜಿಲೆಂಡಿನ ಲಿಡಿಯಾ ಕೋ ಇಬ್ಬರೂ 16 ಕಡಿಮೆ. ಅದಿತಿ 15 ಕಡಿಮೆ. ನಾಲ್ಕು ದಿನಗಳ 269 ಹೊಡೆತಗಳಲ್ಲಿ ಒಂದೇ ಒಂದು ಹೊಡೆತದಿಂದ ಪದಕ ದೂರವಾಯಿತು. ನಾಲ್ಕನೆಯ ಸ್ಥಾನ.

“ಅಯ್ಯೋ, ಏನೂ ಬರಲಿಲ್ಲ!” ಎಂದು ನಾವು ಮೊಬೈಲನ್ನು ಮಗುಚಿಟ್ಟೆವು.

ಮನೆಯಾಕೆ ಲೋಟ ಎತ್ತಿಕೊಳ್ಳುತ್ತ ಅಂದರು: “ಏನೂ ಬರಲಿಲ್ಲ ಅಂತೀರಲ್ರೀ, ಜಗತ್ತಿನ ಅರವತ್ತು ಮಂದ್ಯಾಗ ನಾಕನೇದು ಬಂದರ ಏನೂ ಅಲ್ಲೇನು? ಆ ಹುಡುಗಿ ಅಪ್ಪಗ ಏನಂತ ಹೇಳಿ ಬಂದಿದ್ರಿ?”

ಅಂದು ಸಂಜೆ ನೀರಜ್ ಚೋಪ್ರಾ ಈಟಿ ಎಸೆತದಲ್ಲಿ ಚಿನ್ನ ಗೆದ್ದ. ದೇಶವೆಲ್ಲ ಸಂಭ್ರಮಿಸಿತು, ನಾವೂ ಸಂಭ್ರಮಿಸಿದೆವು. ಆದರೆ ರಾತ್ರಿ ನಿದ್ದೆ ಹತ್ತಲಿಲ್ಲ. ಯಾವ ತಂದೆಗೆ ನಾಲ್ಕನೆಯ ಸ್ಥಾನದ ಬೆಲೆಯನ್ನು ಬೋಧಿಸಿದ್ದೆವೋ ಆ ತಂದೆಯ ಮಾತನ್ನೇ ನಮ್ಮ ಬಾಯಿ ಆಡಿತ್ತು. ಆತನದು ಅಜ್ಞಾನವಲ್ಲ, ನಾವು ಕಲಿಸಿದ ಪಾಠ. ಮೂರು ಹೆಸರು ಕೂಗಿ ಪುಸ್ತಕ ಮುಚ್ಚಿದವರು ನಾವು.

ಆಗಸ್ಟ್ 16ರಂದು ಆಂಧ್ರದ ಶಾಲೆಗಳು ಮತ್ತೆ ತೆರೆದವು. ಮೊದಲ ಭಾನುವಾರವೇ ಆ ಹಳ್ಳಿಗೆ ಹೋದೆವು. ಹುಡುಗಿ ಬಾಗಿಲ ಬಳಿ ನಿಂತು, “ಈಗ ಚಿಕ್ಕ ಹುಡುಗರ ಜೊತಿ ಕೂಡಾಕ ನಾಚಿಕಿ ಬರ್ತತಿ ಸಾರ್” ಎಂದಳು. ಎಷ್ಟು ಹೇಳಿದರೂ ಒಪ್ಪಲಿಲ್ಲ. ಕಥೆಯಾಗಿದ್ದರೆ ಒಪ್ಪುತ್ತಿದ್ದಳೇನೋ. ಆದರೆ ಅವಳ ತಂಗಿ ಆಗ ಏಳನೆಯ ತರಗತಿಯಲ್ಲಿದ್ದಳು. ಆಕೆಯ ವಿಷಯದಲ್ಲಿ ತಂದೆಯಿಂದ ಮಾತು ತೆಗೆದುಕೊಂಡೆವು. ಅಕ್ಕನೂ ಅದಕ್ಕೆ ದನಿಗೂಡಿಸಿದಳು. ತಂಗಿ 2025ರಲ್ಲಿ ಹತ್ತನೆಯ ತರಗತಿ ಪಾಸಾದಳು. ಎಷ್ಟನೆಯವಳಾಗಿ ಎಂದು ತಂದೆ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಅಂದಿನಿಂದ ನಮ್ಮ ಶಾಲೆಯಲ್ಲಿ ಮೂರು ಹೆಸರು ಕೂಗುವ ಪದ್ಧತಿಯನ್ನು ಬಿಟ್ಟಿದ್ದೇವೆ. ಗಾಲ್ಫಿನ ‘ಪಾರ್’ ನಮಗೆ ದಾರಿ ತೋರಿಸಿತು. ಆಟಗಾರ್ತಿ ಮೊದಲು ಎದುರಿಸುವುದು ನೆಲದ ಲೆಕ್ಕವನ್ನು, ಆ ಮೇಲೆ ಇತರರನ್ನು. ಹಾಗೆಯೇ ಪ್ರತಿಯೊಂದು ಮಗುವಿಗೂ ಅದರ ಹಿಂದಿನ ಪರೀಕ್ಷೆಯ ಅಂಕವನ್ನೇ ಪಾರ್ ಎಂದು ಇಟ್ಟುಕೊಂಡು, ಅದನ್ನು ಎಷ್ಟು ದಾಟಿತೆಂಬುದನ್ನು ತಂದೆತಾಯಿಗಳ ಎದುರಿಗೆ ಓದುತ್ತೇವೆ. ಹೆಸರು ಎಲ್ಲರದೂ ಬರುತ್ತದೆ. ಸಭೆ ಉದ್ದವಾಗುತ್ತದೆಂದು ಸಹೋದ್ಯೋಗಿಗಳು ಆಕ್ಷೇಪಿಸಿದ್ದುಂಟು, ಆಗಲಿ ಎಂದಿದ್ದೇವೆ.

ಅಭಿಮಾನ ಮಾತ್ರ ಕುಂದಿಲ್ಲ. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಮಹಿಳಾ ಗಾಲ್ಫ್ ತಂಡದಲ್ಲಿದ್ದವರು ಅದಿತಿ, ಮೈಸೂರಿನ ಪ್ರಣವಿ ಅರಸ್, ಬೆಂಗಳೂರಿನ ಅವನಿ ಪ್ರಶಾಂತ್, ಮೂವರೂ ಕರ್ನಾಟಕದವರು. ಮೂರನೆಯ ದಿನ 61 ಹೊಡೆತಗಳ ಸುತ್ತನ್ನಾಡಿ ಏಳು ಹೊಡೆತ ಮುಂದಿದ್ದ ಅದಿತಿ, ಕೊನೆಯ ದಿನ 77 ಹೊಡೆದು ಚಿನ್ನವನ್ನು ಥಾಯ್ಲೆಂಡಿನ ಹುಡುಗಿಗೆ ಬಿಟ್ಟುಕೊಟ್ಟಳು. ಆದರೂ ಏಷ್ಯನ್ ಕೂಟದ ಗಾಲ್ಫಿನಲ್ಲಿ ಭಾರತದ ಹೆಣ್ಣುಮಗಳಿಗೆ ದೊರೆತ ಮೊದಲ ಪದಕ ಆ ಬೆಳ್ಳಿಯೇ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 29ನೆಯ ಸ್ಥಾನ. ನಾವು ಆ ಎಲ್ಲ ಅಂಕಗಳನ್ನೂ ಹಾಜರಿ ಪುಸ್ತಕದಷ್ಟೇ ಶ್ರದ್ಧೆಯಿಂದ ಗುರುತು ಹಾಕಿಕೊಂಡಿದ್ದೇವೆ.

ನಿಮ್ಮ ಮಕ್ಕಳಿಗೆ ಗಾಲ್ಫ್ ಕಲಿಸಿರೆಂದು ನಾವು ಹೇಳುತ್ತಿಲ್ಲ. ಅದಕ್ಕೆ ಬೇಕಾದ ಹಣವೂ, ಆ ಹುಲ್ಲು ಕುಡಿಯುವಷ್ಟು ನೀರೂ ನಮ್ಮ ಸೀಮೆಯಲ್ಲಿಲ್ಲ. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದ ಆದವಾನಿ, ಆಲೂರು ತಾಲೂಕುಗಳ ನಾವು, ಯಾವ ಪಟ್ಟಿಯಲ್ಲೂ ನಮ್ಮ ಹೆಸರು ಮೊದಲ ಮೂರರೊಳಗೆ ಬರುವುದಿಲ್ಲವೆಂಬುದನ್ನು ಬಲ್ಲವರು. ಆದುದರಿಂದಲೇ ಒಂದು ಬಿನ್ನಹ. ಈ ತಿಂಗಳು ಮಗುವಿನ ಅಂಕಪಟ್ಟಿ ಮನೆಗೆ ಬಂದಾಗ ಮೊದಲು ಸ್ಥಾನವನ್ನು ಕೇಳಬೇಡಿ. ಮಗುವನ್ನು ಹತ್ತಿರ ಕೂಡಿಸಿಕೊಂಡು, ಹಿಂದಿನ ಪಟ್ಟಿಯನ್ನು ಪಕ್ಕದಲ್ಲಿಟ್ಟು ನೋಡಿ. ನಮ್ಮಂತಹ ಮೇಷ್ಟರು ಕರೆಯಲು ಮರೆತ ಹೆಸರನ್ನು ನೀವಾದರೂ ಬಾಯಿತುಂಬ ಕರೆಯಿರಿ.